ಫೋನ್ ಕಿತ್ತುಕೊಳ್ಳುವ ಮೊದಲು: ಮಂಡ್ಯ ಜಿಲ್ಲೆಯ ಹೆಡ್ಮಾಸ್ಟರುಗಳಿಗೆ ಒಂದು ಜೆರಾಕ್ಸ್ ಅಂಗಡಿಯಿಂದ ಪತ್ರ

ಜಿಲ್ಲೆಯ ಎಲ್ಲ ಹೈಸ್ಕೂಲ್ ಹೆಡ್ಮಾಸ್ಟರುಗಳಿಗೆ, ಮೇಷ್ಟ್ರುಗಳಿಗೆ, ಮೇಡಂಗಳಿಗೆ, ಎಸ್‌ಡಿಎಂಸಿಯವರಿಗೆ ನಮಸ್ಕಾರ.

ಶಾಲೆ ಬಿಡುವ ಹೊತ್ತಿಗೆ ನನ್ನ ಅಂಗಡಿ ತುಂಬುತ್ತದೆ. ಮಂಡ್ಯ ತಾಲ್ಲೂಕಿನ ಒಂದು ಹೋಬಳಿ ಊರಲ್ಲಿ ಜೆರಾಕ್ಸ್ ಅಂಗಡಿ ಇಟ್ಟು ಹತ್ತು ವರ್ಷದ ಮೇಲಾಯಿತು. ಪಹಣಿ ತೆಗೆದುಕೊಡುತ್ತೇನೆ, ಜಾತಿ ಆದಾಯ ಸರ್ಟಿಫಿಕೇಟಿಗೆ ಅರ್ಜಿ ಹಾಕುತ್ತೇನೆ, ನಿಮ್ಮ ಮಕ್ಕಳ ಸ್ಕಾಲರ್‌ಶಿಪ್ಪು, ಹಾಲ್ ಟಿಕೆಟ್ಟು, ರಿಸಲ್ಟು ಎಲ್ಲ ನನ್ನ ಕೌಂಟರ್ ಮೇಲೇ ಹಾದು ಹೋಗುತ್ತವೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮುಂದೆ ಹೇಳುವ ಹುಡುಗ ಯಾರು ಅಂತ ಸಂಜೆ ಡೈರಿಗೆ ಹಾಲು ಹಾಕೋಕೆ ಬಂದವರೆಲ್ಲ ಲೆಕ್ಕ ಹಾಕಿಬಿಡುತ್ತಾರೆ. ನಮ್ಮೂರ ಕಡೆ ಗೊತ್ತಲ್ಲ.

ಹೋದ ವರ್ಷ ಫೆಬ್ರವರಿಯಲ್ಲಿ ಒಂದು ಸಂಜೆ ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ ಬಂದ. ಬೇರೆ ಗಿರಾಕಿಗಳು ಹೋಗುವ ತನಕ ಗೋಡೆ ಮೇಲಿನ ರೇಟ್ ಬೋರ್ಡ್ ಓದುತ್ತಾ ನಿಂತಿದ್ದ. ಆಮೇಲೆ ಮೆಲ್ಲಗೆ, "ಅಣ್ಣ, ಒಂದು ನಂಬರಿಗೆ ಎರಡು ಸಾವಿರ ಫೋನ್‌ಪೇ ಮಾಡ್ಕೊಡಿ, ಕ್ಯಾಶು ನಾಳೆ ತಂದ್ಕೊಡ್ತೀನಿ" ಅಂದ. ಯಾರಿಗೋ ಅಂದೆ. "ಫ್ರೆಂಡ್‌ಗೆ." ಯಾವ ಫ್ರೆಂಡು? ಸುಮ್ಮನಾದ. ಕೈ ನಡುಗುತ್ತಿತ್ತು.

ನಡೆದದ್ದು ಇಷ್ಟು. ಇನ್‌ಸ್ಟಾಗ್ರಾಂನಲ್ಲಿ ಮೈಸೂರಿನ ಕಾಲೇಜು ಹುಡುಗಿ ಅಂತ ಹೇಳಿಕೊಂಡು ಒಂದು ಅಕೌಂಟ್ ಪರಿಚಯ ಆಗಿದೆ. ಒಂದು ವಾರ ಚೆನ್ನಾಗಿ ಮಾತು. ಊಟ ಆಯ್ತಾ, ಓದಿದ್ಯಾ ಅಂತ. ಆಮೇಲೆ ಒಂದು ರಾತ್ರಿ ವಿಡಿಯೋ ಕಾಲ್. ಆ ಕಡೆಯವರು ಅದನ್ನು ರೆಕಾರ್ಡ್ ಮಾಡಿಕೊಂಡರು. ಮಾರನೇ ಬೆಳಗ್ಗೆಯಿಂದಲೇ ದುಡ್ಡು ಕೇಳೋಕೆ ಶುರು. ಇವನ ಫಾಲೋವರ್ಸ್ ಪಟ್ಟಿಯ ಸ್ಕ್ರೀನ್‌ಶಾಟ್ ಇವನಿಗೇ ಕಳಿಸಿ, ಇವರೆಲ್ಲರಿಗೂ ವಿಡಿಯೋ ಹೋಗುತ್ತೆ ನೋಡು ಅಂತ ಹೆದರಿಸಿದ್ದಾರೆ. ಆ ಪಟ್ಟಿಯಲ್ಲಿ ಅವನ ಅತ್ತೆ ಮಗಳು ಇದ್ದಳು, ಕ್ಲಾಸಿನವರಿದ್ದರು, ಟ್ಯೂಷನ್ ಮೇಷ್ಟ್ರೂ ಇದ್ದರು. ಅಮ್ಮನ ಗೃಹಲಕ್ಷ್ಮಿ ದುಡ್ಡು ಆಗಲೇ ಹೋಗಿತ್ತು. ಅಮ್ಮನಿಗೆ ಇನ್ನೂ ಗೊತ್ತಿರಲಿಲ್ಲ, ಈ ತಿಂಗಳು ಲೇಟಾಗಿರಬೇಕು ಅಂದುಕೊಂಡಿದ್ದರು.

ನಾನು ಏನು ಮಾಡಿದೆ ಹೇಳಿ? ಬೈದೆ. "ಓದೋ ವಯಸ್ಸಲ್ಲಿ ನಿನಗೆ ಇದೆಲ್ಲ ಬೇಕಿತ್ತೇನೋ" ಅಂದೆ. ನನಗೆ ಇವತ್ತಿಗೂ ನಾಚಿಕೆ ಆಗುವುದು ಅದಕ್ಕೇ. ಅಷ್ಟು ದಿನ ಯಾರ ಹತ್ತಿರಾನೂ ಬಾಯಿ ಬಿಡದೆ ಇದ್ದವನು ಬಂದು ಹೇಳಿದ ಮೊದಲನೇ ಮನುಷ್ಯ ನಾನು, ನನ್ನ ಬಾಯಿಂದ ಬಂದ ಮೊದಲನೇ ಮಾತು ಅದು. ಅವನು ತಿರುಗಿ ಹೊರಟೇಬಿಟ್ಟ. ಅಂಗಡಿ ಬಾಗಿಲು ತೆರೆದಿಟ್ಟೇ ಹಿಂದೆ ಓಡಿ ಬಸ್‌ಸ್ಟ್ಯಾಂಡ್ ಹತ್ತಿರ ಹಿಡಿದು ಕರೆದುಕೊಂಡು ಬಂದೆ. ಓಡದೆ ಇದ್ದಿದ್ದರೆ ಅಂತ ಯೋಚನೆ ಬಂದರೆ ರಾತ್ರಿ ನಿದ್ದೆ ಬರಲ್ಲ. ನಮ್ಮ ಕಡೆ ನಾಲೆ ತುಂಬಾ ದೂರ ಇಲ್ಲ.

ಆಮೇಲೆ ಮಾಡಿದ್ದೆಲ್ಲ ಕಷ್ಟದ ಕೆಲಸ ಏನಲ್ಲ. ಇನ್ನು ಒಂದು ರೂಪಾಯಿಯೂ ಕಳಿಸಬೇಡ ಅಂದೆ, ಯಾಕೆಂದರೆ ಕೊಟ್ಟವನ ಹತ್ತಿರವೇ ಅವರು ಮತ್ತೆ ಬರುತ್ತಾರೆ. ಚಾಟ್ ಅಳಿಸೋಕೆ ಹೊರಟಿದ್ದ, ಅಳಿಸಬೇಡ ಅಂದೆ. ಅಕೌಂಟಿನ ಹೆಸರು, ದುಡ್ಡು ಹೋದ ಯುಪಿಐ ಐಡಿ, ಮೆಸೇಜುಗಳು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದೆವು. ಆಮೇಲೆ ರಿಪೋರ್ಟ್ ಮಾಡಿ ಬ್ಲಾಕ್. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ದುಡ್ಡು ಹೋದ ಕೂಡಲೇ ಮಾಡಿದ್ದರೆ ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಜಾಸ್ತಿ ಇರುತ್ತಿತ್ತು, ಇವನದು ಹೋಗಿ ನಾಲ್ಕು ದಿನ ಆಗಿತ್ತು. ಆ ದುಡ್ಡು ವಾಪಸ್ ಬರಲಿಲ್ಲ.

ಕಷ್ಟದ ಕೆಲಸ ಒಂದೇ. ಅವನ ಅಮ್ಮನಿಗೆ ಹೇಳುವುದು.

"ನಮ್ಮಪ್ಪಂಗೆ ಮಾತ್ರ ಏಳ್ಬೇಡಿ ಕಣಣ್ಣ" ಅಂತ ಅದೊಂದನ್ನೇ ಹತ್ತು ಸಲ ಹೇಳಿದ. ಅಮ್ಮನನ್ನು ಅಂಗಡಿಗೇ ಕರೆಸಿ, ಅವನ ಎದುರೇ ಕೂರಿಸಿ ನಾನೇ ಹೇಳಿದೆ. ಆಯಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮಗನ ಕಡೆ ತಿರುಗಿ "ಊಟ ಮಾಡಿದ್ದೀಯಾ?" ಅಂದರು. ಅಷ್ಟೇ. ಆ ಹುಡುಗ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತ. ಮಾರನೇ ದಿನ ಸೈಬರ್ ಅಪರಾಧ ನೋಡುವ ಮಂಡ್ಯದ ಸೆನ್ ಪೊಲೀಸ್ ಠಾಣೆಗೆ ತಾಯಿ ಮಗ ಹೋಗಿ ದೂರು ಕೊಟ್ಟು ಬಂದರು. ಆ ವಿಡಿಯೋ ಯಾರಿಗಾದರೂ ಹೋಯಿತಾ ಅಂತ ಕೇಳುತ್ತೀರಿ. ನಮಗೆ ಗೊತ್ತಾದ ಮಟ್ಟಿಗೆ ಹೋಗಲಿಲ್ಲ.

ಇಷ್ಟು ಉದ್ದಕ್ಕೆ ಯಾಕೆ ಹೇಳಿದೆ ಅಂದರೆ, ಅದೇ ಹುಡುಗನ ಶಾಲೆಯಲ್ಲಿ ಅದಕ್ಕೆ ಎರಡು ತಿಂಗಳ ಹಿಂದೆ ಸೈಬರ್ ಜಾಗೃತಿ ಕಾರ್ಯಕ್ರಮ ನಡೆದಿತ್ತು. ಬ್ಯಾನರ್ ಡಿಸೈನ್ ಮಾಡಿ ಪ್ರಿಂಟಿಗೆ ಕಳಿಸಿದವನು ನಾನೇ. ದೀಪ ಹಚ್ಚಿದರು, ಸ್ವಾಗತ, ಹಾರ, ಒಂದು ಗಂಟೆ ಭಾಷಣ, ವಂದನಾರ್ಪಣೆ, ಗ್ರೂಪ್ ಫೋಟೋ. ಭಾಷಣದಲ್ಲಿ ಏನು ಹೇಳಿದ್ರೋ ಅಂತ ಅವನನ್ನು ಆಮೇಲೆ ಕೇಳಿದೆ. "ಮೊಬೈಲ್ ಮುಟ್ಟಿದವರು ಹಾಳಾಗಿ ಹೋಗ್ತಾರೆ, ಅಪ್ಪ ಅಮ್ಮನ ಮರ್ಯಾದೆ ಕಳೀತಾರೆ ಅಂದ್ರು ಅಣ್ಣ" ಅಂದ. ನೋಡಿ, ಅವನಿಗೆ ನೆನಪಿದ್ದದ್ದು ಅದು. 1930 ಅನ್ನುವ ನಂಬರ್ ಬ್ಯಾನರಿನಲ್ಲಿ ನಾನೇ ದಪ್ಪ ಅಕ್ಷರದಲ್ಲಿ ಹಾಕಿದ್ದೆ, ಅವನು ನೋಡಿಯೂ ಇರಲಿಲ್ಲ. ಆಗಲೇ ಮುಟ್ಟಿ, ಆಗಲೇ ಸಿಕ್ಕಿಹಾಕಿಕೊಂಡ ಮಗು ಆ ಭಾಷಣ ಕೇಳಿದರೆ ಏನು ಅರ್ಥ ಮಾಡಿಕೊಳ್ಳುತ್ತೆ? ಬಾಯಿ ಮುಚ್ಕೊಂಡಿರು ಅಂತ.

ಹೆದರಿಸುವವರಿಗೆ ಬಂಡವಾಳ ಅದೇ ಸರ್. ವಿಡಿಯೋ ಅಲ್ಲ. ಈ ಮಗು ಮನೆಯಲ್ಲೂ ಹೇಳಲ್ಲ, ಶಾಲೆಯಲ್ಲೂ ಹೇಳಲ್ಲ ಅನ್ನುವ ನಂಬಿಕೆ. ಎಲ್ಲೋ ಕೂತಿರುವ ಕಳ್ಳನಿಗೆ ನಮ್ಮ ಮನೆಗಳ ಬಗ್ಗೆ ಇಷ್ಟು ಚೆನ್ನಾಗಿ ಗೊತ್ತಿದೆ, ನಮಗೇ ಗೊತ್ತಿಲ್ಲ.

ಬರೀ ನಿಮ್ಮನ್ನೇ ಅನ್ನುತ್ತಿಲ್ಲ, ನನ್ನ ಅಂಗಡಿ ಕಥೆಯನ್ನೂ ಕೇಳಿ. ಮಕ್ಕಳಿಗೆ ಒಟಿಪಿ ಯಾರಿಗೂ ಹೇಳಬೇಡಿ ಅನ್ನುತ್ತೇವೆ. ಆದರೆ ಸ್ಕಾಲರ್‌ಶಿಪ್ ಸೀಸನ್ನಿನಲ್ಲಿ ನನ್ನ ಅಂಗಡಿಯಲ್ಲಿ ಬೆಳಗ್ಗಿಂದ ಸಂಜೆ ತನಕ ಕೇಳಿಸುವ ಮಾತು ಯಾವುದು ಅಂದರೆ "ಒಟಿಪಿ ಬಂತಾ? ಹೇಳು ಬೇಗ, ಟೈಮ್ ಆಗುತ್ತೆ". ಹುಡುಗ ಗದ್ದೆಯಲ್ಲಿರುವ ಅಪ್ಪನಿಗೆ ಫೋನ್ ಮಾಡಿ, ಅಪ್ಪ ಪಕ್ಕದಲ್ಲಿದ್ದವರಿಗೆ ಓದಿಸಿ, ಅವರು ಜೋರಾಗಿ ಆರು ಅಂಕಿ ಕೂಗುತ್ತಾರೆ. ಹೀಗೆ ಆರೇಳು ವರ್ಷ ಅಭ್ಯಾಸ ಮಾಡಿಸಿದ ಮೇಲೆ, ಬ್ಯಾಂಕಿಂದ ಮಾತಾಡ್ತಿದ್ದೀವಿ ಅಂತ ಯಾರೋ ಕೇಳಿದರೆ ಆ ಮನೆಯವರು ಯಾಕೆ ಕೊಡಲ್ಲ? ಅರ್ಜಿಗೆ ಒಟಿಪಿ ಬೇಕೇ ಬೇಕು, ಅದು ನನ್ನ ಕೈಲಿಲ್ಲ. ಈಗ ನಾನು ಮಾಡುವುದಿಷ್ಟು: ಫೋನ್ ಅಂಗಡಿಗೆ ತನ್ನಿ, ಮೆಸೇಜನ್ನು ಪೂರ್ತಿ ಓದಿ, ಯಾವುದಕ್ಕೆ ಬಂದಿದೆ ಅಂತ ನೀವೇ ನೋಡಿ, ಆಮೇಲೆ ಕೀಬೋರ್ಡ್ ಕಡೆ ತಿರುಗಿ ನೀವೇ ಟೈಪ್ ಮಾಡಿ ಅನ್ನುತ್ತೇನೆ. ಕ್ಯೂ ಉದ್ದ ಆಗುತ್ತೆ, ಬೈಸಿಕೊಳ್ಳುತ್ತೇನೆ. ಪರವಾಗಿಲ್ಲ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಆ ಹುಡುಗನ ವಿಷಯ ಆದ ಮೇಲೆ ಒಂದು ಭಾನುವಾರ ನನ್ನ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರ್ ತೆಗೆದು ನೋಡಿದೆ. ಮಕ್ಕಳ ಆಧಾರ್, ಫೋಟೋ, ಪಾಸ್‌ಬುಕ್ಕು, ಮಾರ್ಕ್ಸ್ ಕಾರ್ಡ್, ಎಷ್ಟು ವರ್ಷದ್ದು ಅಂತೀರಿ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತೆ ನಿಜ, ಆದರೆ ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ಇಸವಿ. ಫೈಲಿಗೆ ಹೆಸರಿಟ್ಟವನು ನಾನೇ, ಹುಟ್ಟಿದ ಇಸವಿ ಪಕ್ಕದ ಮಾರ್ಕ್ಸ್ ಕಾರ್ಡಿನಲ್ಲಿದೆ. ಅಂದರೆ ಬೀಗ ಹಾಕಿ ಕೀಲಿಯನ್ನು ಚಿಲಕಕ್ಕೇ ನೇತುಹಾಕಿದ ಹಾಗೆ. ಜೊತೆಗೆ ಎಷ್ಟೋ ಮಕ್ಕಳ ಅರ್ಜಿ ಹಾಕುವ ಅಕೌಂಟಿಗೆ ಸುಲಭಕ್ಕಿರಲಿ ಅಂತ ಒಂದೇ ಥರದ ಪಾಸ್‌ವರ್ಡ್ ಇಟ್ಟಿದ್ದೆ, ಹೆಸರಿನ ಮುಂದೆ ಒಂದು ಎರಡು ಮೂರು. ಕೆಲವರ ಅಕೌಂಟಿಗೆ ಅವರ ನಂಬರಿನ ಬದಲು ನನ್ನ ಮೊಬೈಲ್ ನಂಬರನ್ನೇ ಕೊಟ್ಟುಬಿಟ್ಟಿದ್ದೆ. ಪಿಯುಸಿಗೆ ಹೋದ ಒಂದು ಹುಡುಗಿ ಪಾಸ್‌ವರ್ಡ್ ಬದಲಾಯಿಸೋಕೆ ಆಗದೆ ಮಂಡ್ಯದಿಂದ ಬಸ್ಸು ಹತ್ತಿ ಬಂದು ನನ್ನ ಫೋನಿಗೆ ಬರುವ ಒಟಿಪಿಗೆ ಕಾದು ಕೂತಿದ್ದಳು. ಆ ಭಾನುವಾರವೇ ಫೋಲ್ಡರಿನಲ್ಲಿದ್ದದ್ದೆಲ್ಲ ಅಳಿಸಿದೆ. ಈಗ ಕೆಲಸ ಮುಗಿದ ತಕ್ಷಣ ಗಿರಾಕಿ ಕಣ್ಣೆದುರೇ ಫೈಲ್ ಡಿಲೀಟ್ ಮಾಡಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡುತ್ತೇನೆ. ಪೂರ್ತಿ ನಂಬರ್ ಬೇಡ ಅನ್ನುವ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತೆಗೆದುಕೊಡುತ್ತೇನೆ.

ನಿಮ್ಮ ಆಫೀಸ್ ಕಂಪ್ಯೂಟರ್ ಒಮ್ಮೆ ತೆಗೆದು ನೋಡಿ ಸರ್. ಸುಮ್ನೆ ನೋಡಿ.

ಕ್ಲಾಸಿನ ವಾಟ್ಸಾಪ್ ಗ್ರೂಪನ್ನೂ ನೋಡಿ. ಅರವತ್ತು ಮನೆಯ ನಂಬರ್ ಅದರಲ್ಲಿ ಎಲ್ಲರಿಗೂ ಕಾಣುತ್ತೆ. ಅಪ್ಪನ ಫೋನು ಅಂತ ನೀವು ಸೇರಿಸಿದ್ದೀರಿ, ಆದರೆ ಸಂಜೆ ಆರರ ಮೇಲೆ ಅದು ಮಗಳ ಕೈಲಿರುತ್ತೆ. ಅದರಲ್ಲಿ ಸಿಕ್ಕ ನಂಬರಿಗೆ ಯಾರದೋ ಅಣ್ಣ, ಯಾರದೋ ಮಾವ ರಾತ್ರಿ "ಹಾಯ್" ಅಂತ ಹಾಕಿದ ದೂರು ನನ್ನ ಕಿವಿಗೇ ಎರಡು ಬಿದ್ದಿದೆ. ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿದರೂ ನಂಬರ್ ಕಾಣುವುದು ನಿಲ್ಲಲ್ಲ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ ಕಳಿಸಿದರೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಗೊತ್ತಾಗಲ್ಲ. ಅವರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿದ್ದರೆ ಸಾಕು.

ಫೋಟೋ ವಿಷಯಕ್ಕೆ ಬರುತ್ತೇನೆ, ಇದು ನನ್ನ ಹೊಟ್ಟೆಪಾಡಿಗೂ ಸೇರಿದ್ದು. ಮಂಡ್ಯದವರಿಗೂ ಫ್ಲೆಕ್ಸಿಗೂ ಇರುವ ನಂಟು ನಿಮಗೆ ಹೇಳಬೇಕಿಲ್ಲ. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದರೆ ಸರ್ಕಲ್ಲಿನಲ್ಲಿ ಮಕ್ಕಳ ಮುಖ, ಹೆಸರು, ಅಂಕ, ಶಾಲೆ, ಊರು, ತಂದೆ ಹೆಸರು. ಅದೇ ಫೋಟೋ ಶಾಲೆಯ ಫೇಸ್‌ಬುಕ್ ಪೇಜಿನಲ್ಲೂ ಇರುತ್ತೆ, ಲೋಕಕ್ಕೆಲ್ಲ ಕಾಣುವ ಹಾಗೆ. ಸಂತೋಷ ಹಂಚಿಕೊಳ್ಳಬೇಡಿ ಅಂತ ನಾನು ಹೇಳಲಾರೆ. ಆದರೆ ಈಗ ಒಂದು ಮುಖ ಸಿಕ್ಕರೆ ಎಐ ಆ್ಯಪಿನಲ್ಲಿ ಹಾಕಿ ಆ ಮಗುವಿನ ಕೊಳಕು ಫೋಟೋ ಮಾಡುವುದು ಎರಡು ನಿಮಿಷದ ಕೆಲಸ, ಇದನ್ನು ಮಾಡುವವರು ದೂರದ ಕಳ್ಳರೇ ಆಗಬೇಕಿಲ್ಲ, ಹಿಂದಿನ ಬೆಂಚಿನಲ್ಲಿ ಕೂತ ಹುಡುಗನೂ ತಮಾಷೆ ಅಂದುಕೊಂಡು ಮಾಡಿಬಿಡುತ್ತಾನೆ. ಅವನಿಗೆ ಇದು ತಮಾಷೆ ಅಲ್ಲ ಅಂತ ಯಾರೂ ಹೇಳಿರಲ್ಲ. ಐಟಿ ಕಾಯ್ದೆಯ 67ಬಿ ಕಲಂನಲ್ಲಿ ಮಕ್ಕಳ ಅಂಥ ಚಿತ್ರ ಮಾಡುವುದು, ಹಂಚುವುದು ಎರಡಕ್ಕೂ ಮೊದಲ ಸಲಕ್ಕೇ 5 ವರ್ಷದ ತನಕ ಜೈಲು, 10 ಲಕ್ಷದ ತನಕ ದಂಡ ಇದೆ. ಕಂಪ್ಯೂಟರಿನಲ್ಲಿ ಮಾಡಿದ್ದು, ತಿದ್ದಿದ್ದು ಕೂಡ ಲೆಕ್ಕಕ್ಕೆ ಬರುತ್ತೆ ಅಂತ ಪೋಕ್ಸೊ ಕಾಯ್ದೆಗೆ 2019ರಲ್ಲಿ ಸೇರಿಸಿದ್ದಾರೆ. ಹುಡುಗನಿಗೆ ಹದಿನೆಂಟು ಆಗಿಲ್ಲದಿದ್ದರೆ ಬಾಲ ನ್ಯಾಯ ಮಂಡಳಿ ಮುಂದೆ ಹೋಗುತ್ತೆ, ಜೈಲಿಗಲ್ಲ. ಆದರೂ ಆ ಮನೆಯವರು ಅಲೆಯುವುದು ತಪ್ಪಲ್ಲ. ಆ ಹುಡುಗಿ ಮನೆಯವರ ಗತಿ ಬಿಡಿ.

ಇಂಥದ್ದು ಗೊತ್ತಾದಾಗ ಶಾಲೆಗಳಲ್ಲಿ ಏನಾಗುತ್ತೆ ಅಂತ ನಾನು ಕಂಡಿದ್ದೇನೆ. ಯಾವ ಶಾಲೆ ಅಂತ ಬೇಡ. ಎರಡೂ ಕಡೆಯವರನ್ನು ಕರೆಸಿ, ಹುಡುಗನಿಂದ ಕ್ಷಮಾಪಣೆ ಬರೆಸಿ, ಹುಡುಗಿಗೆ ಟಿಸಿ ಕೊಟ್ಟು ಬೇರೆ ಕಡೆ ಸೇರಿಸಿ ಅಂದರು. ಶಾಲೆ ಹೆಸರು ಉಳಿಯಬೇಕಲ್ಲ! ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಇರುವುದೇ ಪೋಕ್ಸೊ ಕಾಯ್ದೆಯಲ್ಲಿ ಬೇರೆ ಅಪರಾಧ, ಅದಕ್ಕೂ 6 ತಿಂಗಳ ತನಕ ಶಿಕ್ಷೆ ಇದೆ. ಇದನ್ನು ಹೆದರಿಸೋಕೆ ಹೇಳುತ್ತಿಲ್ಲ. ಹೇಳಿದರೆ ಟಿಸಿ ಸಿಗೋದು ತನಗೇ ಅಂತ ಗೊತ್ತಿರುವ ಹುಡುಗಿ ಯಾಕೆ ಹೇಳುತ್ತಾಳೆ, ಅದನ್ನು ಯೋಚನೆ ಮಾಡಿ.

ಹದಿನೆಂಟರ ಒಳಗಿನ ಮಕ್ಕಳಿಗೆ ಒಂದು ಸಹಾಯ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಟೇಕ್ ಇಟ್ ಡೌನ್ ಅಂತ ಅದರ ಹೆಸರು, ಅಮೆರಿಕದ ಒಂದು ಮಕ್ಕಳ ರಕ್ಷಣಾ ಸಂಸ್ಥೆ ನಡೆಸುತ್ತದೆ. ದುಡ್ಡು ಕೊಡಬೇಕಿಲ್ಲ, ಹೆಸರೂ ಹೇಳಬೇಕಿಲ್ಲ. ತಮ್ಮ ಫೋನಿನಲ್ಲಿರುವ ಆ ಫೋಟೋವನ್ನೋ ವಿಡಿಯೋವನ್ನೋ ಆರಿಸಿದರೆ ಬೆರಳಚ್ಚಿನ ಥರ ಒಂದು ಗುರುತು ತಯಾರಾಗುತ್ತೆ. ಫೋಟೋ ಫೋನ್ ಬಿಟ್ಟು ಎಲ್ಲೂ ಹೋಗಲ್ಲ, ಆ ಗುರುತು ಮಾತ್ರ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಥರದ ಕಂಪನಿಗಳಿಗೆ ಹೋಗುತ್ತೆ, ಅವರು ಅದನ್ನು ಇಟ್ಟುಕೊಂಡು ಹುಡುಕಿ ತೆಗೆಯುತ್ತಾರೆ. ವಾಟ್ಸಾಪ್ ಒಳಗೆ ಓಡಾಡುವುದನ್ನು ತಡೆಯೋಕೆ ಇದರಿಂದ ಆಗಲ್ಲ.

ಉಳಿದ ಸಣ್ಣ ಪುಟ್ಟವು ನಿಮಗೂ ಗೊತ್ತಿರಬಹುದು. ಫ್ರೀ ಫೈರ್ ಆಟಕ್ಕೆ ಫ್ರೀಯಾಗಿ ಡೈಮಂಡ್ ಕೊಡ್ತೀವಿ ಅನ್ನುವ ಲಿಂಕು. ಪರೀಕ್ಷೆ ಹತ್ತಿರ ಬಂದರೆ ಟೆಲಿಗ್ರಾಂನಲ್ಲಿ ಪ್ರಶ್ನೆಪತ್ರಿಕೆ ಮಾರುವವರು. ಮದುವೆ ಕಾಗದ ಅಂತ ಬರುವ ಎಪಿಕೆ ಫೈಲು, ಅಂದರೆ ಒತ್ತಿದರೆ ಫೋನಿಗೆ ಕಳ್ಳ ಆ್ಯಪ್ ಸೇರಿಸುವಂಥದ್ದು. ಇವುಗಳಲ್ಲಿ ನನಗೆ ಜಾಸ್ತಿ ಭಯ ಇರುವುದು ಬ್ಯಾಂಕ್ ಅಕೌಂಟ್ ಬಾಡಿಗೆ ವ್ಯವಹಾರದ ಬಗ್ಗೆ. ಸ್ಕಾಲರ್‌ಶಿಪ್ಪಿಗೆ ಅಂತ ನಮ್ಮ ಮಕ್ಕಳಿಗೆಲ್ಲ ಅಕೌಂಟ್ ಇದೆ. ಯಾರೋ ಬಂದು, ನಿನ್ನ ಅಕೌಂಟಿಗೆ ದುಡ್ಡು ಬರುತ್ತೆ, ತೆಗೆದುಕೊಡು, ಸಾವಿರ ರೂಪಾಯಿ ನಿನಗೆ ಅನ್ನುತ್ತಾರೆ. ಎಲ್ಲೋ ಒಬ್ಬರಿಂದ ಲೂಟಿ ಮಾಡಿದ ದುಡ್ಡು ಅದು. ಪೊಲೀಸರು ದುಡ್ಡಿನ ಜಾಡು ಹಿಡಿದು ಬಂದರೆ ಮೊದಲು ಸಿಗುವುದು ಈ ಮಗುವಿನ ಹೆಸರು. ಅಕೌಂಟ್ ಫ್ರೀಜ್ ಆದರೆ ಸ್ಕಾಲರ್‌ಶಿಪ್ಪೂ ಅಲ್ಲೇ ಸಿಕ್ಕಿಕೊಳ್ಳುತ್ತೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಇದೊಂದನ್ನು ನಾಳೆಯೇ ಹೇಳಿಬಿಡಿ.

ಇದಕ್ಕೆಲ್ಲ ಒಂದೇ ಮದ್ದು, ಮಕ್ಕಳ ಕೈಗೆ ಫೋನೇ ಕೊಡಬಾರದು ಅನ್ನುವವರು ಇದ್ದಾರೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದ ಒಳಗಿನವರಿಗೆ ಸೋಷಿಯಲ್ ಮೀಡಿಯಾ ಅಕೌಂಟೇ ಇಲ್ಲ ಅಂತ ಮಾಡಿದ್ದಾರೆ. ಅಲ್ಲಿಯದು ಅವರಿಗೆ. ನಮ್ಮಲ್ಲಿ ಮನೆಗೊಂದೇ ಸ್ಮಾರ್ಟ್‌ಫೋನು, ಸಿಮ್ಮು ಅಪ್ಪನದು, ಅಕೌಂಟು ಅಪ್ಪನ ಹೆಸರಲ್ಲಿ, ಫೋನ್‌ಪೇಯಲ್ಲಿ ಕಬ್ಬಿನ ದುಡ್ಡು ಬಂತಾ ಅಂತ ಅಪ್ಪನಿಗೆ ನೋಡಿ ಹೇಳುವವನೇ ಮಗ. ಯಾರನ್ನು ಬ್ಯಾನ್ ಮಾಡುತ್ತೀರಿ? ಹೋಂವರ್ಕನ್ನು ಗ್ರೂಪಿನಲ್ಲಿ ಹಾಕುವವರು ನೀವೇ ಅಲ್ವಾ. ಇನ್ನೊಂದು ತಮಾಷೆ ಏನಂದರೆ, ನಮ್ಮ ಮಕ್ಕಳೆಲ್ಲ ಇನ್‌ಸ್ಟಾಗ್ರಾಂ ಲೆಕ್ಕದಲ್ಲಿ 2000ನೇ ಇಸವಿಗೆ ಹುಟ್ಟಿದವರು. ನಿಜವಾದ ವಯಸ್ಸು ಕೊಟ್ಟರೆ ಅಕೌಂಟ್ ತಾನಾಗಿಯೇ ಪ್ರೈವೇಟ್ ಆಗುತ್ತೆ, ಗುರುತಿಲ್ಲದವರು ಮೆಸೇಜ್ ಹಾಕೋಕೆ ಆಗಲ್ಲ. ವಯಸ್ಸು ಸುಳ್ಳು ಹೇಳಿದ್ದಕ್ಕೆ ಇಪ್ಪತ್ತೈದು ವರ್ಷದವರ ಸಾಲಿನಲ್ಲಿ ಹೋಗಿ ನಿಂತಿದ್ದಾರೆ ಹದಿಮೂರರ ಮಕ್ಕಳು.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಹೈಸ್ಕೂಲಿನಲ್ಲಿ ಒಬ್ಬರು ಮೇಡಂ, ಒಬ್ಬರು ಮೇಷ್ಟ್ರು ಇರಲಿ, ಫೋನಿನ ವಿಷಯ ಏನೇ ಇದ್ದರೂ ಇವರ ಹತ್ತಿರ ಹೇಳಬಹುದು ಅಂತ ಮಕ್ಕಳಿಗೆ ಗೊತ್ತಿರಲಿ. ಅವರು ಮೂರು ಮಾತು ಕೊಡಲಿ. ನಿನ್ನ ಫೋನ್ ಕಿತ್ತುಕೊಳ್ಳಲ್ಲ, ಸ್ಟಾಫ್ ರೂಮಿನಲ್ಲಿ ನಿನ್ನ ಕಥೆ ಹೇಳಲ್ಲ, ಮನೆಗೆ ಹೇಳಲೇಬೇಕಾದರೆ ನಾನೇ ನಿನ್ನ ಜೊತೆ ಬಂದು ಹೇಳುತ್ತೇನೆ. ಕಂಪ್ಯೂಟರ್ ಬರುವವರೇ ಆಗಬೇಕು ಅಂತಿಲ್ಲ, ಬೈಯದೆ ಕೇಳಿಸಿಕೊಳ್ಳುವವರು ಸಾಕು. ಮಕ್ಕಳನ್ನೇ ಕೇಳಿ, ಯಾರು ಅಂತ ಅವರೇ ಹೇಳುತ್ತಾರೆ. ಶಾಲೆಯಲ್ಲಿ ಯಾರಿಗೂ ಹೇಳೋಕೆ ಇಷ್ಟ ಇಲ್ಲದ ಮಗುವಿಗೆ ಮಕ್ಕಳ ಸಹಾಯವಾಣಿ 1098 ಇದೆ, ಹಗಲು ರಾತ್ರಿ ಎತ್ತುತ್ತಾರೆ. ಆ ನಂಬರನ್ನು ಬ್ಯಾನರಿನಲ್ಲಿ ಹಾಕಬೇಡಿ, ಶೌಚಾಲಯದ ಬಾಗಿಲ ಒಳಗಡೆ ಅಂಟಿಸಿ. ಯಾರ ಕಣ್ಣೂ ಇಲ್ಲದ ಕಡೆ ನಿಧಾನಕ್ಕೆ ಓದಿಕೊಳ್ಳುತ್ತಾರೆ. ಸ್ಟಿಕ್ಕರ್ ಪ್ರಿಂಟ್ ನನ್ನ ಲೆಕ್ಕದಲ್ಲಿ.

ಭಾಷಣದ ಬದಲು ಒಂದು ಪೀರಿಯಡ್ ಕೊಡಿ. ಶನಿವಾರ ಬೆಳಗ್ಗೆ ಅಂಗಡಿ ಬಾಗಿಲು ಹಾಕಿಕೊಂಡು ನಾನೇ ಬರುತ್ತೇನೆ. ದೀಪ, ಹಾರ ಬೇಡ. ದುಡ್ಡು ಬರೋಕೆ ಯುಪಿಐ ಪಿನ್ ಒತ್ತಬೇಕಿಲ್ಲ ಅನ್ನುವುದು, ವಾಟ್ಸಾಪಿಗೆ ಆರು ಅಂಕಿಯ ಎರಡನೇ ಬೀಗ ಹಾಕುವುದು, ಲಿಂಕ್ಡ್ ಡಿವೈಸ್ ಅಂತ ಇರುವ ಕಡೆ ಗುರುತಿಲ್ಲದ ಕಂಪ್ಯೂಟರ್ ಸೇರಿದೆಯಾ ನೋಡುವುದು, ಚಾಟ್ ಅಳಿಸದೆ ಸಾಕ್ಷಿ ಇಟ್ಟುಕೊಳ್ಳುವುದು, ಇಷ್ಟನ್ನು ಅವರ ಕೈಯಲ್ಲೇ ಮಾಡಿಸೋಣ. ಅವತ್ತು ಒಂದು ದಿನ ಅಪ್ಪನ ಫೋನ್ ತರೋಕೆ ಬಿಡಿ.

ಹಾಂ, ಆ ಹುಡುಗ. ಈಗ ಹತ್ತನೇ ಕ್ಲಾಸು. ಹೋದ ವಾರ ಸಂಜೆ ಬಂದಿದ್ದ, ಜೊತೆಗೆ ಇನ್ನೊಬ್ಬ ಹುಡುಗ, ಬೇರೆ ಶಾಲೆ ಯೂನಿಫಾರಂ. ಇಬ್ಬರೂ ರೇಟ್ ಬೋರ್ಡ್ ಓದುತ್ತಾ ನಿಂತಿದ್ದರು. ಗಿರಾಕಿಗಳು ಹೋದ ಮೇಲೆ ಇವನು ಹತ್ತಿರ ಬಂದು, "ಅಣ್ಣ, ಇವ್ನು ಏನೋ ಏಳ್ಬೇಕಂತೆ. ನೀವು ಮೊದ್ಲು ಬೈತೀರ, ಆಮೇಲೆ ಸರಿ ಓಯ್ತೀರ ಅಂತ ಏಳಿದೀನಿ" ಅಂದ.

ಬೈಯಲಿಲ್ಲ. ಸ್ಟೂಲ್ ಎಳೆದು ಕೂರಿಸಿದೆ.

ಇಂತಿ,
ನಿಮ್ಮ ಶಾಲೆಯ ಬ್ಯಾನರ್ ಪ್ರಿಂಟ್ ಮಾಡಿಸುವ ಜೆರಾಕ್ಸ್ ಅಂಗಡಿಯವನು
ಮಂಡ್ಯ ತಾಲ್ಲೂಕು